ಗುದ್ದಿ ನೋಡಿದ ಕಾರು

ನಿನ್ನೆ ರಾತ್ರಿ ಹನ್ನೊಂದಕ್ಕೆ ನಮ್ಮನೆ ಕಡೆಯಿಂದ ಧಡಾರ್ ಅಂತ ಸದ್ದು ಬಂತಲ್ಲ ರಾಯರೇ, ಅದು ಕುಕ್ಕರೂ ಅಲ್ಲ, ಬೀರುವೂ ಅಲ್ಲ. ನಾನು ಕಾರು ಗುದ್ದಿದ್ದು. ಆ ಕಂಬಕ್ಕೆ ಒರಗಬೇಡಿ, ಈ ಕಡೆ ಬನ್ನಿ, ಹೇಳ್ತೀನಿ.

ರಜಕ್ಕೆ ಬಂದ ಮೊಮ್ಮಗ ಕಂಪ್ಯೂಟರಿಗೆ ಬೀಮ್‌ಎನ್‌ಜಿ ಡ್ರೈವ್ ಅನ್ನೋ ಆಟ ಹಾಕಿಕೊಟ್ಟು ಹೋದ. ಜರ್ಮನಿಯ ಬ್ರೆಮೆನ್ ಊರಿನವರದು. 2015ರಲ್ಲೇ ಸ್ಟೀಮ್ ಅನ್ನೋ ಆನ್‌ಲೈನ್ ಆಟದಂಗಡಿಯಲ್ಲಿ ಮಾರಾಟಕ್ಕಿಟ್ಟರು, ಹತ್ತು ವರ್ಷ ಆದಮೇಲೂ ಕೆಲಸ ಬಾಕಿ ಅಂತಿದ್ದರು. ನಮ್ಮ ಬೀದಿ ಒಳಚರಂಡಿ ಹಾಗೆ.

ಬೇರೆ ರೇಸಿನ ಆಟಗಳಲ್ಲಿ ಕಾರು ಅಂದ್ರೆ ಗುಂಡುಕಲ್ಲು. ಗೋಡೆಗೆ ಬಡಿದರೆ ಬಣ್ಣ ಕೆರೆದ ಹಾಗೆ ತೋರಿಸಿ ಸುಮ್ಮನಾಗ್ತಾರೆ. ಇದರಲ್ಲಿ ಕಾರಿನೊಳಗೆ ನೂರಾರು ಗಂಟು, ಗಂಟಿನಿಂದ ಗಂಟಿಗೆ ಸಾವಿರಾರು ಕಡ್ಡಿ. ತೂಕ ಗಂಟಿನದು, ಬಿಗಿ ಕಡ್ಡಿಯದು. ಬಟ್ಟೆ ನೇತುಹಾಕೋ ತಂತಿ ಹ್ಯಾಂಗರ್ ಇದೆಯಲ್ಲ, ಮೆಲ್ಲಗೆ ಬಗ್ಗಿಸಿ ಬಿಟ್ಟರೆ ನೆಟ್ಟಗಾಗುತ್ತೆ, ಜೋರು ಮಾಡಿದರೆ ಸೊಟ್ಟಗೇ ಉಳಿಯುತ್ತೆ, ಇನ್ನೂ ಹಟ ಹಿಡಿದರೆ ಪಟ್ ಅಂತ ಮುರಿಯುತ್ತೆ. ಒಂದೊಂದು ಕಡ್ಡಿಗೂ ಆ ಹದ ಬರೆದಿಟ್ಟಿದ್ದಾರೆ. ಸೆಕೆಂಡಿಗೆ 2000 ಸಲ ಲೆಕ್ಕ! ನಮ್ಮ ಹಳೇ ಕಂಪ್ಯೂಟರಿನ ಫ್ಯಾನು ಗ್ರೈಂಡರ್ ಥರ ಕೂಗುತ್ತೆ, ಪಾಪ.

ಕೋವೆಟ್ ಅಂತ ಒಂದು ಡಬ್ಬಿಯಂಥ ಕಾರಿದೆ. ಹೆಸರು ಅವರೇ ಕಟ್ಟಿದ್ದು, ಷೋರೂಮಲ್ಲಿ ಹುಡುಕಬೇಡಿ. ಮೊದಲು 40ರಲ್ಲಿ ಗೋಡೆಗೆ ಬಿಟ್ಟೆ. ಬಂಪರ್ ಒಳಕ್ಕೆ, ಬಾನೆಟ್ ಸ್ವಲ್ಪ ಮೇಲಕ್ಕೆ, ಅಷ್ಟೇ. ರಿವರ್ಸ್ ಹಾಕಿ ಜಂಬದಿಂದ ಹೊರಟೆ. ಸ್ವಲ್ಪ ದೂರ ಹೋಗೋದರಲ್ಲಿ ಬಿಸಿ ತೋರಿಸೋ ಮುಳ್ಳು ಏರ್ತಾ ಏರ್ತಾ ಇಂಜಿನ್ನು ಹೊಗೆ. ರೇಡಿಯೇಟರ್ ಒಡೆದು ನೀರೆಲ್ಲ ಸೋರಿಹೋಗಿತ್ತು! ಅದನ್ನೂ ಬಿಟ್ಟಿಲ್ಲ ಪುಣ್ಯಾತ್ಮರು.

ಆಮೇಲೆ 80. ಅದನ್ನ ನಿಧಾನಗತಿಯಲ್ಲಿ ನೋಡಬೇಕು ರಾಯರೇ. ಬಾನೆಟ್ ಮಡಿಸಿದ ಚಾಪೆ ಹಾಗೆ ಎದ್ದುಬಂತು, ಮುಂದಿನ ಚಕ್ರ ಹಿಂದಕ್ಕೆ ಸರಿದು ಬಾಗಿಲ ಹತ್ತಿರ ಬಂತು. ವೇಗ ಎರಡು ಪಟ್ಟಾದರೆ ಪೆಟ್ಟು ನಾಲ್ಕು ಪಟ್ಟು. ಅರ್ಧ ಎಂ ವಿ ಸ್ಕ್ವೇರ್ ಅಂತ ಹೈಸ್ಕೂಲಲ್ಲಿ ಉರು ಹೊಡೆದಿದ್ದೆ, ಗೊತ್ತಾಗಿದ್ದು ನಿನ್ನೆ.

ಮೂರು ಚಕ್ರದ ಪಿಜನ್ನೂ ಇದೆ, ನಮ್ಮ ಆಟೋಗೆ ಷಡ್ಡಕ. ತಿರುವಿನಲ್ಲಿ ಅವಸರ ಮಾಡಿದಿರೋ, ಮಗ್ಗುಲಿಗೆ ಮಲಗುತ್ತೆ.

ನಮ್ಮ ಕಾಲದ ಕಾರು ಕಬ್ಬಿಣ, ಈಗಿನವು ತಗಡು ಅಂತ ನೀವು ಅಂತಿರ್ತೀರಲ್ಲ, ನಾನೂ ಹಾಗೇ ಅಂದುಕೊಂಡಿದ್ದೆ. ಕಾರು ಮಡಿಸಿಕೊಳ್ಳದಿದ್ದರೆ ಆ ಪೆಟ್ಟು ಒಳಗೆ ಕೂತವರ ಎದೆಗೇ ಬರೋದು. ಬೇಲಾ ಬರೇನಿ ಅನ್ನೋ ಇಂಜಿನಿಯರ್ ಇದನ್ನ ಕಂಡುಕೊಂಡು, ಮೂತಿ ಮಡಿಸಿಕೊಳ್ಳಲಿ, ಕೂರೋ ಜಾಗ ಗಟ್ಟಿ ಇರಲಿ ಅಂದ. 1959ರ ಮರ್ಸಿಡಿಸ್ ಹಾಗೇ ಬಂತು. ತಗಡು ಅಂತ ಬೈದಿದ್ದು ತಪ್ಪಾಯ್ತು.

ಆಟದಲ್ಲಿ ಎಷ್ಟೇ ನಜ್ಜುಗುಜ್ಜಾಗಲಿ, ಆರ್ ಒತ್ತಿದರೆ ಕಾರು ಹೊಸದು. ಮತ್ತೆ... ನಿಮ್ಮ ಕಂಬ ಓರೆಯಾಗಿದೆ ನೋಡಿ, ಅದು ಆಟ ಅಲ್ಲ. ಮೊನ್ನೆ ಸಂಜೆ ರಿವರ್ಸ್ ತಗೊಳ್ಳುವಾಗ ನಾನೇ ತಗುಲಿಸಿದ್ದು. ಭಾನುವಾರ ಮೇಸ್ತ್ರಿ ಕರೆಸ್ತೀನಿ, ಅಲ್ಲಿವರೆಗೆ ಮನೆಯವರ ಹತ್ರ ಹೇಳಬೇಡಿ.