ಸಣ್ಣ ಕರುಳು: ಒಂದು ಬಹುಶಿಸ್ತೀಯ ತಾತ್ವಿಕ ಅನುಸಂಧಾನ

ಅಧ್ಯಯನದ ಅಗತ್ಯ: ಕರುಳನ್ನು ಕುರಿತು ಯಾರಿಗೂ ಅರ್ಥವಾಗದಂತೆ ಬರೆದ ಗ್ರಂಥಗಳು ಈಗಾಗಲೇ ಸಾಕಷ್ಟಿದ್ದರೂ, ಇನ್ನೂ ಒಂದರ ಕೊರತೆ ವಿದ್ವತ್‌ವಲಯವನ್ನು ಬಾಧಿಸುತ್ತಿತ್ತು. ಅದನ್ನು ನೀಗಿಸುವುದೇ ಪ್ರಸ್ತುತ ಸಂಪ್ರಬಂಧದ ಉದ್ದೇಶ.

ವ್ಯಾಪ್ತಿ ಮತ್ತು ಮಿತಿ: ಜಠರ ಮುಗಿಯುವಲ್ಲಿಂದ ದೊಡ್ಡ ಕರುಳಿನ ಬಾಗಿಲವರೆಗೆ. ಶವದಲ್ಲಿ ಅಳೆದರೆ ಆರೇಳು ಮೀಟರ್. ಬದುಕಿರುವವರಲ್ಲಿ ಸ್ನಾಯು ಬಿಗಿದುಕೊಂಡಿರುವುದರಿಂದ ಅದಕ್ಕಿಂತ ಬಹಳ ಕಡಿಮೆ. ಸತ್ತ ಮೇಲೆ ಹಿಗ್ಗುವ ಈ ಗುಣಕ್ಕೂ ಕೆಲವು ವಿದ್ವಾಂಸರ ಕೀರ್ತಿಗೂ ಇರುವ ಸಾಮ್ಯ ಪ್ರತ್ಯೇಕ ಪಿಎಚ್.ಡಿ.ಗೆ ಅರ್ಹ.

ವರ್ಗೀಕರಣ: ಡುವೊಡೆನಮ್, ಜೆಜುನಮ್, ಇಲಿಯಮ್ ಎಂದು ಕರುಳು ತ್ರಿವಿಧ. ಸೂಕ್ಷ್ಮದರ್ಶಕದ ನೆಲೆಯಲ್ಲಿ ಇವುಗಳ ಅಸ್ಮಿತೆಯನ್ನು ನಿರ್ಣಯಿಸುವ ಕ್ರಮ ಹೀಗಿದೆ. ಒಳಪದರದ ಕೆಳಗೆ ಬ್ರನ್ನರ್ ಗ್ರಂಥಿ ಕಂಡರೆ ಡುವೊಡೆನಮ್. ಪೇಯರ್ ತೇಪೆ ಕಂಡರೆ ಇಲಿಯಮ್. ಎರಡೂ ಕಾಣದಿದ್ದರೆ ಜೆಜುನಮ್. ನೇತಿ ನೇತಿ ಎಂಬ ಔಪನಿಷದಿಕ ಮಾರ್ಗದಿಂದ ಮಾತ್ರ ಸಾಕ್ಷಾತ್ಕಾರವಾಗುವ ಏಕೈಕ ಅಂಗಭಾಗವಿದು ಎಂಬುದು ಪ್ರಬಂಧಕಾರರ ಮೌಲಿಕ ಶೋಧ.

ಪೂರ್ವಸೂರಿಗಳ ಸಮೀಕ್ಷೆ: ಈ ಕರುಳಿನಲ್ಲಿ ಖಾಲಿ ಸೈಟು ಉಳಿದಿಲ್ಲ. ಪೇಯರ್ 1677ರಲ್ಲಿ ಬೇಲಿ ಹಾಕಿದ. ಬ್ರನ್ನರ್ 1687ರಲ್ಲಿ, ಒಳಮೈಯ ಕುಳಿಗಳಿಗಾಗಿ ಲೀಬರ್‌ಕ್ಯೂನ್ 1745ರಲ್ಲಿ, ನರಜಾಲಗಳಿಗಾಗಿ ಮೈಸ್ನರ್ ಮತ್ತು ಔರ್‌ಬಾಖ್ ಹತ್ತೊಂಬತ್ತನೆಯ ಶತಮಾನದಲ್ಲಿ. ಕುಳಿಗಳ ತಳದಲ್ಲಿರುವ ಕೆಂಪು ಕಾಳಿನ ಕೋಶಗಳನ್ನು 1872ರಲ್ಲೇ ಶ್ವಾಲ್ಬೆ ನೋಡಿದ್ದ. 1888ರಲ್ಲಿ ಖಾತೆ ಆದದ್ದು ಪಾನೆತ್ ಹೆಸರಿಗೆ. ಇವರೆಲ್ಲ ಕಣ್ಣು ಕೀಲಿಸಿ ದುಡಿದವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ವೈವಾ ಮೇಜಿನ ಆಚೆ ಕೂತು ‘ಎರಡು ಸ್ನಾಯುಪದರಗಳ ನಡುವಿನ ನರಜಾಲ ಯಾರದ್ದು?’ ಎಂದು ಗದರಿದ ಮಹನೀಯರ ಮೇಲೆ. ಅದು ಏನು ಮಾಡುತ್ತದೆ ಎಂದು ಅವರು ಕೇಳಲಿಲ್ಲ. ಉಂಡದ್ದನ್ನು ಹಿಂಡಿ ಮುಂದಕ್ಕೆ ತಳ್ಳುತ್ತದೆ ಸ್ವಾಮಿ, ಔರ್‌ಬಾಖ್ ಹುಟ್ಟುವ ಮುಂಚೆಯೂ ತಳ್ಳುತ್ತಿತ್ತು.

ಸೂಕ್ಷ್ಮರಚನೆ: ಕರುಳಿನ ಒಳಮೈ ಎಂದರೆ ಏಕಸ್ತರೀಯ-ಸ್ತಂಭಾಕಾರ-ಸೂಕ್ಷ್ಮಾಂಕುರಸಹಿತ-ಅವಶೋಷಣಶೀಲ-ಅಭಿಚ್ಛದಕೋಶಸಮುಚ್ಚಯ. (ಒಂದೇ ಉಸಿರಿನಲ್ಲಿ ಓದತಕ್ಕದ್ದು.) ಸ್ಲೈಡಿನಲ್ಲಿ ಕಣ್ಣಿಟ್ಟರೆ ಕಾಣುವುದು ಗುಲಾಬಿ ಬಣ್ಣದ ಬೆರಳುಗಳ ಸಾಲು, ಅಂದರೆ ವಿಲ್ಲೈ. ಒಂದೊಂದೂ ಅರ್ಧದಿಂದ ಒಂದು ಮಿಲಿಮೀಟರ್ ಎತ್ತರ. ನಡುನಡುವೆ ಬಣ್ಣ ಹಿಡಿಯದೆ ಬಿಳಿಚಿಕೊಂಡ ಗೋಬ್ಲೆಟ್ ಕೋಶಗಳು, ಲೋಳೆ ತುಂಬಿಕೊಂಡು. ಬೆರಳಿನೊಳಗೆ ರಕ್ತನಾಳಗಳ ಜಾಲ, ಮಧ್ಯೆ ಕೊಬ್ಬನ್ನು ಒಯ್ಯುವ ದುಗ್ಧನಾಳ. ಬೆರಳಿನ ಮೈಮೇಲಿನ ಕೋಶಗಳ ಆಯುಸ್ಸು ಮೂರರಿಂದ ಐದು ದಿನ. ಕುಳಿಯಲ್ಲಿ ಹುಟ್ಟಿ, ಮೇಲಕ್ಕೆ ಸರಿದು, ತುದಿಯಿಂದ ಉದುರುತ್ತವೆ. ಇಷ್ಟನ್ನು ನೋಡಿದವನಿಗೆ ಸಮುಚ್ಚಯ ಗಿಮುಚ್ಚಯ ಯಾಕೆ ಬೇಕು?

ವಿಸ್ತೀರ್ಣ ಮೀಮಾಂಸೆ: ಕರುಳಿನ ಒಳಮೈಯನ್ನು ಹರಡಿದರೆ ಟೆನಿಸ್ ಅಂಗಳದಷ್ಟು ಎಂಬುದು ಪೂರ್ವಪಕ್ಷ. ಪಠ್ಯದಿಂದ ಪಠ್ಯಕ್ಕೆ ನಕಲಾಗುತ್ತ ಅದು ವೇದವಾಕ್ಯವೇ ಆಯಿತು. 2014ರಲ್ಲಿ ಸ್ವೀಡನ್ನಿನ ಹೆಲಾಂಡರ್ ಮತ್ತು ಫೆಂಡ್ರಿಕ್ಸ್ ಹೊಸದಾಗಿ ಲೆಕ್ಕ ಹಾಕಿದಾಗ ಸಿಕ್ಕಿದ್ದು ಸುಮಾರು 30 ಚದರ ಮೀಟರ್, ಬ್ಯಾಡ್ಮಿಂಟನ್ ಅಂಗಳದ ಅರ್ಧಕ್ಕೂ ಕಡಿಮೆ. ನಮ್ಮ ಗೈಡುಗಳಲ್ಲಿ ಮಾತ್ರ ಇನ್ನೂ ಟೆನಿಸ್ ಆಟವೇ ನಡೆಯುತ್ತಿದೆ.

ಇನ್ನು ಕರುಳಿನ ಗೋಡೆಯ ನಾಲ್ಕು ಪದರಗಳನ್ನು ಉಪಪದರ, ಅನೂಪಪದರಗಳಾಗಿ ಸೀಳಬೇಕಿತ್ತು. ಬೇಡ, ಸಾಕು.

ಯಾಕೆಂದರೆ ಆ ಬೆರಳುಗಳು ಎಲ್ಲರಲ್ಲೂ ನೆಟ್ಟಗೆ ನಿಂತಿರುವುದಿಲ್ಲ. ವೆಲ್ಲೂರಿನ ವೈದ್ಯರು ದಶಕಗಳ ಹಿಂದೆಯೇ ದಕ್ಷಿಣ ಭಾರತೀಯರ ಕರುಳಿನ ಚೂರು ತೆಗೆದು ನೋಡಿ, ಆರೋಗ್ಯವಂತರಂತೆ ಕಾಣುವವರಲ್ಲೂ ಬೆರಳಿನ ಬದಲು ಎಲೆಯಂತೆ ಅಗಲವಾದ, ದಿಂಡಿನಂತೆ ತಗ್ಗಿದ ವಿಲ್ಲೈ ಇರುವುದನ್ನು ದಾಖಲಿಸಿದರು. ಹುಟ್ಟಿದಾಗಿನಿಂದ ಹೊಲಸು ಸೇರಿದ ನೀರು ಕುಡಿದು, ಕೊಳಕು ನೆಲದಲ್ಲಿ ಅಂಬೆಗಾಲಿಟ್ಟ ಮಕ್ಕಳ ಕರುಳಿನಲ್ಲಿ ವಿಲ್ಲೈ ಮೋಟಾಗುತ್ತವೆ, ಒಳಗೆ ಸದಾ ಉರಿಯೂತ. ಹೊಟ್ಟೆಗೆ ಬಿದ್ದದ್ದು ಮೈಗೆ ಹತ್ತುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಕರುಳೊಂದೇ ಕಾರಣವಲ್ಲ, ನಿಜ. ಆದರೆ ಈ ಮಕ್ಕಳ ತಟ್ಟೆಗೆ ಮೊಟ್ಟೆ ಬೀಳಬೇಕೇ ಬೇಡವೇ ಎಂದು ನಾವು ವರ್ಷಗಟ್ಟಲೆ ಶಾಸ್ತ್ರಾರ್ಥ ಮಾಡಿದೆವಲ್ಲ, ಆ ಹೊಟ್ಟೆ ತುಂಬಿದ ಪಾಂಡಿತ್ಯಕ್ಕೆ ಯಾವ ಮೈಸ್ನರನ ಹೆಸರಿಡೋಣ?

ಕರುಳಿನ ಕೋಶಕ್ಕೆ ಒಂದು ಒಳ್ಳೆಯ ಅಭ್ಯಾಸವಿದೆ. ಗ್ಲೂಕೋಸ್ ಜೊತೆಗೆ ಬಂದರೆ ಅದು ಸೋಡಿಯಂ ಅನ್ನು ಎಳೆದುಕೊಳ್ಳುತ್ತದೆ, ಹಿಂದೆಯೇ ನೀರೂ ಒಳಗೆ ಬರುತ್ತದೆ. ಕಾಲರಾ ಬಂದಾಗಲೂ ಆ ಬಾಗಿಲು ಮುಚ್ಚುವುದಿಲ್ಲ. 1971ರಲ್ಲಿ ಬಂಗಾಳದ ಬೊಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಇದನ್ನೇ ನಂಬಿ ಉಪ್ಪು-ಸಕ್ಕರೆ ದ್ರಾವಣ ಕುಡಿಸಿದರು. ಸುಮಾರು ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ನನ್ನ ವೈವಾದಲ್ಲಿ ಇದರ ಬಗ್ಗೆ ಪ್ರಶ್ನೆ ಬರಲಿಲ್ಲ.

ಆದ್ದರಿಂದ ಓದುಗರು ಮೇಲಿನ ಸಮಾಸವನ್ನು ಮರೆತು ಇದನ್ನು ಬರೆದಿಟ್ಟುಕೊಳ್ಳಿ. ಕುದಿಸಿ ಆರಿಸಿದ ನೀರು ಒಂದು ಲೀಟರ್, ಸಕ್ಕರೆ ಆರು ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಎರಡೂ ಮಟ್ಟಸವಾಗಿ ಅಳೆದು. ಆಶಾ ಕಾರ್ಯಕರ್ತೆಯ ಹತ್ತಿರ ಓಆರ್‌ಎಸ್ ಪೊಟ್ಟಣ ಸಿಕ್ಕರೆ ಇನ್ನೂ ಒಳ್ಳೆಯದು. ಭೇದಿಯಾಗುತ್ತಿರುವ ಮಗುವಿಗೆ ಗುಟುಕು ಗುಟುಕಾಗಿ ಕುಡಿಸುತ್ತ, ಎದೆಹಾಲು ನಿಲ್ಲಿಸದೆ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.