ಕೋಟಿಗೆ ಒಂದು ಕಮ್ಮಿ

ವಿಡಿಯೊ ಗೇಮ್ ಎಂಬ ಸರಕನ್ನು ಯಾವ ಮಾನದಿಂದ ಅಳೆಯಬೇಕು ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರದ ಪಠ್ಯಪುಸ್ತಕಗಳು ಎತ್ತಿಕೊಳ್ಳುವುದಿಲ್ಲವಾದರೂ, ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿಮುಂಬಯಿಯ ಮಧ್ಯಮವರ್ಗದ ತಂದೆತಾಯಂದಿರು ಅದನ್ನು 1990ರ ದಶಕದಲ್ಲಿಯೇ ಇತ್ಯರ್ಥ ಮಾಡಿಬಿಟ್ಟಿದ್ದರು. ಶಾಲೆಯ ಬೂಟಿಗೆ ಕೇಳುವ ಪ್ರಶ್ನೆಯನ್ನೇ ಅವರು ಇದಕ್ಕೂ ಕೇಳಿದರು: ಕೊಟ್ಟ ದುಡ್ಡಿಗೆ ಎಷ್ಟು ದಿನ ಬಾಳಿಕೆ ಬರುತ್ತದೆ? ಬೂಟಿನ ಮಟ್ಟಿಗೆ ಬಾಳಿಕೆಯೆಂದರೆ ಅಟ್ಟೆ ಕಿತ್ತುಬರುವವರೆಗಿನ ಕಾಲವಾದರೆ, ಆಟದ ಮಟ್ಟಿಗೆ ಅದು ಹುಡುಗ ಇನ್ನೊಂದು ಕ್ಯಾಸೆಟ್ಟಿಗಾಗಿ ಹಟ ಹಿಡಿಯುವವರೆಗಿನ ಕಾಲ. ಆ ಕಾಲವನ್ನು ಗಂಟೆಗಳಲ್ಲಿ ಎಣಿಸುವುದು ಸಾಧ್ಯವೇ, ಎಣಿಸಿದರೆ ಬರುವ ಉತ್ತರವನ್ನು ನಂಬಬಹುದೇ ಎಂಬುದು ಇಲ್ಲಿ ವಿಚಾರಕ್ಕೆ ಯೋಗ್ಯವಾದ ಸಂಗತಿ.

ಮೊದಲು ಪರಿಭಾಷೆ. ಟಿವಿಗೆ ಜೋಡಿಸಿ ಆಡುವ ಆಟದ ಯಂತ್ರಕ್ಕೆ ಕನ್ಸೋಲ್ ಎಂದು ಹೆಸರು. ಅದರ ಬೆನ್ನಿಗೆ ಸಿಕ್ಕಿಸುವ, ಆಟವನ್ನು ಒಳಗಿನ ಚಿಪ್ಪಿನಲ್ಲಿ ಹೊತ್ತಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದಂಗುಲ ಟೇಪೂ ಇಲ್ಲದಿದ್ದರೂ ಎಲ್ಲರೂ ಅದನ್ನು ಕ್ಯಾಸೆಟ್ ಎಂದೇ ಕರೆದರು, ಗುಂಡಿಗಳಿರುವ ಕೈಪಟ್ಟಿಗೆ ಮಾರುದ್ದದ ತಂತಿ ಅಂಟಿಕೊಂಡಿದ್ದರೂ ಅದನ್ನು ರಿಮೋಟ್ ಎಂದರು. ಈ ವಂಶದ ಮೂಲಪುರುಷ ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್. ಅದೇ 1985ರಲ್ಲಿ ಎನ್.ಇ.ಎಸ್. ಎಂಬ ಹೆಸರಿನಿಂದ ಅಮೆರಿಕವನ್ನು ತಲುಪಿತು. ಭಾರತದಲ್ಲಿ ಸಮುರಾಯ್ ಎಂಬ ಹೆಸರಿನಿಂದ ಅದು ಮಾರಾಟಕ್ಕೆ ಬಂದಿತ್ತಾದರೂ, ಆಮದು ಸುಂಕದ ಭಾರದಿಂದ ಬೆಲೆ ಏರಿದ್ದ ಕಾರಣ, ಬಹುಪಾಲು ಮನೆಗಳಿಗೆ ಬಂದದ್ದು ಲಿಟಲ್ ಮಾಸ್ಟರ್‌ನಂಥ ಹೆಸರು ಹೊತ್ತ, ಮೂಲಯಂತ್ರದ ವಿದ್ಯುನ್ಮಂಡಲವನ್ನೇ ಅನುಸರಿಸಿ ಕಟ್ಟಿದ ತದ್ರೂಪುಗಳು. ಕಲ್ಯಾಣದ ಮಗ್ಗುಲಿನ ಉಲ್ಲಾಸನಗರದಲ್ಲಿ ಯಾವ ಸರಕಿನ ಮೇಲಾದರೂ ‘ಮೇಡ್ ಇನ್ ಯು.ಎಸ್.ಎ.’ ಎಂದು ಕಂಡರೆ ಅದನ್ನು ‘ಉಲ್ಲಾಸನಗರ್ ಸಿಂಧಿ ಅಸೋಸಿಯೇಶನ್’ ಎಂದು ಬಿಡಿಸಿ ಓದಿಕೊಳ್ಳುವ ಹಳೆಯ ವಿನೋದ ಬಲ್ಲ ಪ್ರದೇಶದ ಗ್ರಾಹಕನಿಗೆ, ಯಂತ್ರ ಅಸಲೋ ನಕಲೋ ಎಂಬ ಜಿಜ್ಞಾಸೆ ಎಂದೂ ಕಾಡಿದಂತಿಲ್ಲ. ಅವನ ಕಣ್ಣಿದ್ದದ್ದು ಕ್ಯಾಸೆಟ್ಟಿನ ಮೇಲಿನ ಅಂಕಿಯ ಮೇಲೆ.

ಆ ಅಂಕಿ ಸಾಮಾನ್ಯವಾದುದಲ್ಲ. ಅಗ್ಗದ ಕ್ಯಾಸೆಟ್ಟುಗಳ ಮೇಲೆ ‘9999999 ಇನ್ 1’ ಎಂದು, ಅಂದರೆ ಒಂದೇ ಡಬ್ಬಿಯಲ್ಲಿ ಕೋಟಿಗೆ ಒಂದು ಕಮ್ಮಿ ಆಟಗಳಿವೆ ಎಂದು ಅಚ್ಚಾಗಿರುತ್ತಿತ್ತು. ಒಂದೊಂದು ಆಟವನ್ನು ಒಂದೊಂದೇ ನಿಮಿಷ, ಊಟ ನಿದ್ರೆ ಶಾಲೆಗಳನ್ನು ಬಿಟ್ಟು ಆಡಿದರೂ ಕೊನೆಯ ಆಟವನ್ನು ಮುಟ್ಟಲು ಹತ್ತೊಂಬತ್ತು ವರ್ಷ ಹಿಡಿಯುತ್ತದೆ. ಐದನೆಯ ತರಗತಿಯಲ್ಲಿ ಆರಂಭಿಸಿದವನು ಮದುವೆಯ ವಯಸ್ಸಿನಲ್ಲಿ ಮುಗಿಸಿ ಏಳಬಹುದು. ವಾಸ್ತವದಲ್ಲಿ ಒಳಗಿದ್ದದ್ದು ಬೆರಳೆಣಿಕೆಯ ಆಟಗಳು. ಅವೇ ಬೇರೆ ಬೇರೆ ಕ್ರಮಾಂಕಗಳಲ್ಲಿ, ಒಮ್ಮೆ ಮೊದಲ ಹಂತದಿಂದ, ಒಮ್ಮೆ ಮೂರನೆಯ ಹಂತದಿಂದ ಆರಂಭವಾಗುತ್ತ, ಪಟ್ಟಿಯನ್ನು ಕೋಟಿಯ ಹೊಸ್ತಿಲವರೆಗೆ ಎಳೆದೊಯ್ಯುತ್ತಿದ್ದವು. ಪೂರ್ತಿ ಒಂದು ಕೋಟಿ ಎಂದು ಹೇಳದೆ ಒಂದನ್ನು ಬಿಟ್ಟುಕೊಟ್ಟ ತಯಾರಕನ ಸಂಕೋಚವನ್ನು ಮಾತ್ರ ಮೆಚ್ಚಬೇಕು.

ಹಾಗಾದರೆ ಆ ಬೆರಳೆಣಿಕೆಯ ಆಟಗಳಲ್ಲಿ ಎಷ್ಟು ಗಂಟೆ ಅಡಗಿವೆ? ಅವುಗಳಲ್ಲಿ ಪ್ರಸಿದ್ಧವಾದ ‘ಸೂಪರ್ ಮಾರಿಯೊ ಬ್ರದರ್ಸ್’ ಆಟವನ್ನೇ ನೋಡಬಹುದು. 1985ರ ಈ ಆಟದಲ್ಲಿ ಎಂಟು ಲೋಕಗಳು, ಲೋಕಕ್ಕೆ ನಾಲ್ಕರಂತೆ ಒಟ್ಟು 32 ಹಂತಗಳಿವೆ. ಪ್ರತಿ ಹಂತಕ್ಕೂ ಕಾಲದ ಮಿತಿಯುಂಟು. ಪರದೆಯ ಬಲತುದಿಯಲ್ಲಿ 400ರಿಂದಲೋ 300ರಿಂದಲೋ ಇಳಿಯುತ್ತ ಬರುವ ಎಣಿಕೆ ಸೊನ್ನೆ ಮುಟ್ಟಿದರೆ ಕಥಾನಾಯಕ ಮಾರಿಯೊ ಸಾಯುತ್ತಾನೆ. ಈ ಎಣಿಕೆಯ ಒಂದು ಅಂಕ ಒಂದು ಸೆಕೆಂಡಲ್ಲ, ಮೂಲಯಂತ್ರದಲ್ಲಿ ಅದು ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು ಮಾತ್ರ. ಆದುದರಿಂದ ಎಲ್ಲ ಹಂತಗಳಿಗೂ 400 ಅಂಕಗಳೆಂದು ಉದಾರವಾಗಿ ಹಿಡಿದು, ಒಮ್ಮೆಯೂ ಸಾಯದ ಪುಣ್ಯಾತ್ಮನೊಬ್ಬ ಪ್ರತಿ ಹಂತದಲ್ಲೂ ಕೊನೆಯ ಕ್ಷಣದವರೆಗೆ ಕಾಲಹರಣ ಮಾಡಿದನೆಂದುಕೊಂಡರೂ, ಇಡೀ ಆಟ ಸುಮಾರು ಒಂದು ಗಂಟೆ 25 ನಿಮಿಷಕ್ಕೆ ಮುಗಿದುಹೋಗುತ್ತದೆ. ಕಲ್ಯಾಣದಲ್ಲಿ ಸ್ಲೋ ಲೋಕಲ್ ರೈಲು ಹತ್ತಿದವನು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಲ್ಲಿ ಇಳಿಯಲು ಹೆಚ್ಚುಕಡಿಮೆ ಇಷ್ಟೇ ಹೊತ್ತು ಬೇಕು. ಇನ್ನು ಹಂತಗಳನ್ನು ಹಾರಿಸಿ ಮುಂದಿನ ಲೋಕಕ್ಕೆ ಒಯ್ಯುವ ಗುಪ್ತ ಕೊಳವೆಗಳನ್ನು ಬಲ್ಲ, ವೇಗದಲ್ಲಿ ಮುಗಿಸುವುದನ್ನೇ ವ್ರತವಾಗಿಸಿಕೊಂಡ ಪರಿಣತರು ಇದೇ ಆಟವನ್ನು ಐದು ನಿಮಿಷದೊಳಗೆ ಮುಗಿಸಿದ ದಾಖಲೆಯಿದೆ. ಅವರು ಆಟದ ಕೊನೆಯಲ್ಲಿ ಸೆರೆಯಲ್ಲಿರುವ ರಾಜಕುಮಾರಿಯನ್ನು ಬಿಡಿಸುವ ವೇಳೆಗೆ ಲೋಕಲ್ ಇನ್ನೂ ಠಾಕುರ್ಲಿಯ ಆಸುಪಾಸಿನಲ್ಲಿರುತ್ತದೆ.

ಹೀಗಿದ್ದೂ ಡೊಂಬಿವಲಿಯ ಅಸಂಖ್ಯ ಹುಡುಗರಿಗೆ ಅದೇ ಆಟ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಮುಗಿಯದೆ ಉಳಿಯಿತು. ಕಾರಣವನ್ನು ಯಂತ್ರದ ಬಡತನದಲ್ಲಿ ಹುಡುಕಬೇಕು. ಆ ಕಾಲದಲ್ಲಿ ಚಿಪ್ಪಿನ ಸ್ಮರಣಶಕ್ತಿ ದುಬಾರಿಯಾಗಿತ್ತು. ಮಾರಿಯೊನ ಸಮಸ್ತ ಲೋಕಗಳು, ಆಮೆಗಳು, ಅಣಬೆಗಳು, ಸಂಗೀತ ಸಮೇತವಾಗಿ 40 ಕಿಲೊಬೈಟಿನಲ್ಲಿ, ಎಂದರೆ ಇಂದು ಫೋನಿನಲ್ಲಿ ಬರುವ ಒಂದು ಶುಭೋದಯದ ಚಿತ್ರಕ್ಕೂ ಸಾಲದ ಜಾಗದಲ್ಲಿ ಸಂಸಾರ ಮಾಡಿಕೊಂಡಿದ್ದವು. ಇಷ್ಟು ಕಡಿಮೆ ಜಾಗದಲ್ಲಿ ಗಂಟೆಗಳನ್ನು ತುಂಬಲಾಗದ ಆಟಗಳ ಶಿಲ್ಪಿಗಳು ಅವುಗಳ ಬದಲಿಗೆ ಕಷ್ಟವನ್ನು ತುಂಬಿದರು. ಮೂರೇ ಜೀವ ಕೊಟ್ಟು, ಮೂರೂ ಹೋದರೆ ಮೊದಲಿನಿಂದ ಆರಂಭಿಸಬೇಕೆಂಬ ಕಾನೂನು ಮಾಡಿ, ಅರ್ಧ ಗಂಟೆಯ ಸಾಮಗ್ರಿಯನ್ನು ಆರು ತಿಂಗಳಿಗೆ ಹಿಗ್ಗಿಸಿದರು. ಎಂಟೇ ಹಂತಗಳ ‘ಕಾಂಟ್ರಾ’ ಇದಕ್ಕೆ ಒಳ್ಳೆಯ ನಿದರ್ಶನ. ಆ ಆಟದಲ್ಲಿ ಮೂವತ್ತು ಜೀವಗಳನ್ನು ಕರುಣಿಸುವ, ಮೇಲೆ ಮೇಲೆ ಕೆಳಗೆ ಕೆಳಗೆ ಎಂದು ಮಂತ್ರದಂತೆ ಒತ್ತುವ ಗುಂಡಿಗಳ ಕ್ರಮವೊಂದಿದೆ. ಅದು ಮೊದಲು ಕಾಣಿಸಿಕೊಂಡದ್ದು 1986ರ ‘ಗ್ರೇಡಿಯಸ್’ ಆಟದಲ್ಲಿ. ತಾನೇ ಸಿದ್ಧಪಡಿಸುತ್ತಿದ್ದ ಆಟವನ್ನು ಆಡಿ ಮುಗಿಸಲು ತನ್ನಿಂದಲೇ ಆಗದೆ, ಪರೀಕ್ಷೆಯ ಅನುಕೂಲಕ್ಕಾಗಿ ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ ಅದನ್ನು ಒಳಗಿಟ್ಟಿದ್ದನು. ಅಡುಗೆ ಮಾಡಿದವನಿಗೇ ಜೀರ್ಣವಾಗದ್ದನ್ನು ಉಳಿದವರಿಗೆ ಬಡಿಸಲಾಗಿತ್ತೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇಕಿಲ್ಲ.

ಇಲ್ಲಿಂದ ಒಂದು ವಿಲೋಮ ನಿಯಮ ಹೊರಡುತ್ತದೆ: ಆಟದ ಗಂಟೆಗಳು ಆಡುವವನ ಜಾಣತನಕ್ಕೆ ವಿರುದ್ಧವಾಗಿ ಏರಿಳಿಯುತ್ತವೆ. ಐನೂರು ರೂಪಾಯಿಯ ಯಂತ್ರವೊಂದರಲ್ಲಿ ಐದು ಗಂಟೆಗೆ ಎಲ್ಲವನ್ನೂ ಗೆದ್ದು ಮುಗಿಸಿದ ಚತುರನಿಗೆ ಗಂಟೆಗೆ ನೂರು ರೂಪಾಯಿ ಬಿದ್ದರೆ, ಐನೂರು ಗಂಟೆ ಆಡಿಯೂ ಮೊದಲ ಕೋಟೆಯ ಬೆಂಕಿಗೆ ಬೀಳುತ್ತಲೇ ಇರುವ ಮಂದನಿಗೆ ಬೀಳುವುದು ಒಂದೇ ರೂಪಾಯಿ. ತರಗತಿಯಲ್ಲಿ ಮೊದಲು ಬರುವ ಮಗನಿಗಿಂತ ಕೊನೆಯಲ್ಲಿ ಬರುವ ಮಗನಿಗೆ ಕೊಡಿಸಿದರೆ ಲಾಭ ಹೆಚ್ಚೆಂಬ ತತ್ತ್ವ ಜಗತ್ತಿನ ಬೇರಾವ ಸರಕಿಗಾದರೂ ಅನ್ವಯಿಸುವುದು ಸಂದೇಹ. ಆ ಕೊನೆಯ ಮಗನಂತೂ, ಕುಣಿಯಲು ಬಾರದವರು ನೆಲ ಡೊಂಕೆಂದಂತೆ, ರಿಮೋಟಿನ ಗುಂಡಿ ಸರಿಯಿಲ್ಲವೆಂದು ದೂರುತ್ತ ತನ್ನ ಗಂಟೆಗಳನ್ನು ಇನ್ನಷ್ಟು ವೃದ್ಧಿಸಿಕೊಳ್ಳುತ್ತಿದ್ದನು.

ಭಾರತೀಯ ಗ್ರಾಹಕನಿಗೆ ದೊರೆತ ಮತ್ತೊಂದು ಲಾಭ ಯಾರೂ ಕೇಳದೆ ಬಂದದ್ದು. ಜಪಾನ್ ಮತ್ತು ಅಮೆರಿಕದ ಟಿವಿಗಳು ಪರದೆಯ ಮೇಲಿನ ಚಿತ್ರವನ್ನು ಸೆಕೆಂಡಿಗೆ 60 ಬಾರಿ ಬರೆದರೆ, ಭಾರತದ ಟಿವಿಗಳು 50 ಬಾರಿ ಬರೆಯುತ್ತಿದ್ದವು. ಈ ಸಂಖ್ಯೆಯನ್ನು ಹರ್ಟ್ಸ್ ಎಂಬ ಮಾನದಿಂದ ಹೇಳುವುದು ರೂಢಿ. ಆಟದ ಒಳಗಡಿಯಾರ ಕಾಲವನ್ನು ಎಣಿಸುತ್ತಿದ್ದದ್ದು ಈ ಚಿತ್ರಗಳ ಲೆಕ್ಕದಲ್ಲಿಯೇ ಆದುದರಿಂದ, ನಮ್ಮ ಟಿವಿಗೆ ಒಗ್ಗುವಂತೆ 50 ಹರ್ಟ್ಸಿಗೆ ಕಟ್ಟಿದ ಯಂತ್ರಗಳಲ್ಲಿ ಮಾರಿಯೊ ನಿಧಾನವಾಗಿ ಓಡಿದನು, ಆಮೆಗಳು ಆಮೆಗಳಂತೆಯೇ ನಡೆದವು, ಸಂಗೀತ ವಿಳಂಬ ಕಾಲಕ್ಕೆ ಇಳಿಯಿತು, ಒಂದು ಗಂಟೆ 25 ನಿಮಿಷದ ಆಟ ಒಂದು ಗಂಟೆ 42 ನಿಮಿಷಕ್ಕೆ ಬೆಳೆಯಿತು. ಅದೇ ಕ್ಯಾಸೆಟ್ಟಿಗೆ ಐದನೆಯ ಒಂದು ಪಾಲು ಹೆಚ್ಚು ಬಾಳಿಕೆ ಬಂದರೂ ಯಾವ ತಯಾರಕನೂ ಈ ಸಂಗತಿಯನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸಲಿಲ್ಲ.

ಸಿಕ್ಕಿದ ಗಂಟೆಗಳನ್ನು ಬಳಸುವ ಹಕ್ಕು ಮಾತ್ರ ಬೇರೆಯವರ ಕೈಯಲ್ಲಿತ್ತು. ಒಂದು ಕೋಣೆ ಮತ್ತು ಒಂದು ಅಡುಗೆಮನೆ ಮಾತ್ರವಿರುವ, ಈ ಪಟ್ಟಣಗಳಲ್ಲಿ ವನ್ ರೂಮ್ ಕಿಚನ್ ಎಂದು ಕರೆಯಲ್ಪಡುವ ಮನೆಯಲ್ಲಿ ಟಿವಿ ಒಂದೇ. ಅದರ ಮೇಲೆ ತಾಯಿಗೆ ಧಾರಾವಾಹಿಯ ಹಕ್ಕು, ಅಜ್ಜಿಗೆ ಕೇಬಲ್‌ನವನನ್ನು ಕಾಡಿ ಬೇಡಿ ಹಾಕಿಸಿಕೊಂಡ ಉದಯ ಟಿವಿಯ ಹಕ್ಕು, ರಾತ್ರಿ ಎಂಟರ ಲೋಕಲ್‌ನಿಂದ ಇಳಿದು ಬರುವ ತಂದೆಗೆ ವಾರ್ತೆಯ ಹಕ್ಕು. ಶಾಲೆ ಬಿಟ್ಟು ಟ್ಯೂಷನ್ ಆರಂಭವಾಗುವುದರ ನಡುವಿನ ಮುಕ್ಕಾಲು ಗಂಟೆಯೇ ಮಾರಿಯೊನ ಪಾಲಿನದು. ಕರಾವಳಿಯಿಂದ ಬಂದು ಇಲ್ಲಿ ನೆಲಸಿದ ಕನ್ನಡ ಮತ್ತು ತುಳು ಮನೆಗಳಲ್ಲಿ, ರಜೆ ಪೂರ್ತಿ ಆಡಬಹುದೆಂದು ಹುಡುಗ ಕಾದಿರಿಸಿಕೊಂಡ ಮೇ ತಿಂಗಳೂ ಊರಿನ ಪಾಲಾಗುತ್ತಿತ್ತು. ಕೊಂಕಣ ರೈಲ್ವೆ 1998ರ ಜನವರಿ 26ರಂದು ಪೂರ್ಣವಾಗಿ ತೆರೆದುಕೊಂಡ ಮೇಲೆ ಠಾಣೆ ಪನ್ವೇಲ್‌ಗಳಿಂದ ಊರು ಹತ್ತಿರವಾದದ್ದನ್ನು ಹಿರಿಯರು ಹಬ್ಬವೆಂದು ಕೊಂಡಾಡಿದರೂ, ಊರಿಗೆ ಹೋಗದಿರಲು ಇದ್ದ ಕೊನೆಯ ನೆಪವೂ ಹೋಯಿತೆಂಬ ಹುಡುಗನ ದುಃಖವನ್ನು ಯಾವ ಇತಿಹಾಸವೂ ದಾಖಲಿಸಿಲ್ಲ.

ಮೇಲಾಗಿ ಲೋಡ್‌ಶೆಡ್ಡಿಂಗ್. ಮಹಾರಾಷ್ಟ್ರದ ವಿದ್ಯುತ್ ಕೊರತೆ ತೀವ್ರವಾಗಿದ್ದ 2005ರ ಆಸುಪಾಸಿನ ವರ್ಷಗಳಲ್ಲಿ ಮುಂಬಯಿ ದ್ವೀಪನಗರಕ್ಕೆ ಬೆಸ್ಟ್ ಸಂಸ್ಥೆ ವಿದ್ಯುತ್ ಒದಗಿಸುತ್ತಿದ್ದುದರಿಂದ ಅಲ್ಲಿ ಕತ್ತಲೆಯ ಸರದಿ ಇರಲಿಲ್ಲ. ಕಲ್ಯಾಣ ಡೊಂಬಿವಲಿಗಳಲ್ಲಿ ಇತ್ತು. ಹಳೆಯ ಕನ್ಸೋಲಿನಲ್ಲಿ ಆಟದ ಪ್ರಗತಿ ವಿದ್ಯುತ್ ಇರುವವರೆಗೆ ಮಾತ್ರ ನೆನಪಿರುತ್ತದೆ. ಅಮೆರಿಕದಲ್ಲಿ 1987ರಲ್ಲಿ ಬಂದ ‘ಝೆಲ್ಡಾ’ದಂಥ ಕೆಲವು ಆಟಗಳು ಕ್ಯಾಸೆಟ್ಟಿನೊಳಗೆ ಪುಟ್ಟ ಬ್ಯಾಟರಿಯಿಟ್ಟು ಪ್ರಗತಿಯನ್ನು ಕಾಪಾಡುವ ಉಪಾಯ ಕಂಡುಕೊಂಡವಾದರೂ, ಕೋಟಿ ಆಟಗಳ ಅಗ್ಗದ ಡಬ್ಬಿಯಿಂದ ಅಂಥ ದಾಕ್ಷಿಣ್ಯವನ್ನು ನಿರೀಕ್ಷಿಸುವಂತಿರಲಿಲ್ಲ. ಹೀಗಾಗಿ ದ್ವೀಪನಗರದ ದಾದರಿನ ಮಾರಿಯೊ ಎಂಟನೆಯ ಲೋಕದಲ್ಲಿ ನಿರಾತಂಕವಾಗಿ ಕುಪ್ಪಳಿಸುತ್ತಿದ್ದಾಗ, ಅವನಿಗಿಂತ ಏನೂ ಕಡಿಮೆಯಿಲ್ಲದ ಡೊಂಬಿವಲಿಯ ಮಾರಿಯೊ ವೇಳಾಪಟ್ಟಿಯ ಪ್ರಕಾರ ಪ್ರಾಣಬಿಟ್ಟು ಪುನಃ ಒಂದನೆಯ ಲೋಕದಲ್ಲಿ ಹುಟ್ಟಿಬರುತ್ತಿದ್ದನು. ಪುನರ್ಜನ್ಮವನ್ನೂ ಗಂಟೆಗಳ ಲೆಕ್ಕಕ್ಕೆ ಸೇರಿಸಿದರೆ ವಿದ್ಯುತ್ ಕಡಿತವೇ ಆಟದ ಬಾಳಿಕೆಯನ್ನು ಹೆಚ್ಚಿಸಿತೆಂಬ ವಿಚಿತ್ರ ನಿರ್ಣಯಕ್ಕೆ ಬರಬೇಕಾಗುತ್ತದೆ.

ಸಿ.ಡಿ.ಯಲ್ಲಿ ಆಟ ತುಂಬುವ ಪ್ಲೇಸ್ಟೇಷನ್ ಬಂದ ಮೇಲೆ ಜಾಗದ ಬಡತನ ನೀಗಿತು. 1997ರ ‘ಫೈನಲ್ ಫ್ಯಾಂಟಸಿ 7’ ಮೂರು ಸಿ.ಡಿ.ಗಳಲ್ಲಿ ಹರಡಿಕೊಂಡು, ಕಥೆಯನ್ನಷ್ಟೇ ಮುಗಿಸಲು ಸುಮಾರು 40 ಗಂಟೆ ಬೇಡುತ್ತದೆ. ದಿನಕ್ಕೆ ಮೂರು ಗಂಟೆ ಲೋಕಲ್‌ನಲ್ಲಿ ಕಳೆಯುವ ಕಲ್ಯಾಣದ ನೌಕರ ಎರಡೇ ವಾರದಲ್ಲಿ ಅಷ್ಟು ಹೊತ್ತನ್ನು ನಿಂತುಕೊಂಡೇ ಕಳೆದಿರುತ್ತಾನೆ. ಆದರೆ ಗಂಟೆಯ ಲೆಕ್ಕದಲ್ಲಿ ದುಡ್ಡು ಪಡೆದು ಆಡಗೊಡುವ ಗೇಮ್ ಪಾರ್ಲರುಗಳಲ್ಲಿ ಈ ದೀರ್ಘಕಾವ್ಯಗಳಿಗೆ ಬೆಲೆಯಿರಲಿಲ್ಲ, ಏಕೆಂದರೆ ಅಲ್ಲಿ ಹುಡುಗ ಕೊಂಡದ್ದು ಆಟವನ್ನಲ್ಲ, ಗಂಟೆಯನ್ನು; ಕೊಂಡ ಗಂಟೆ ಕಥಾನಾಯಕನ ಮಾತುಕತೆ ಓದುವುದರಲ್ಲಿ ಕರಗುವುದು ಯಾರಿಗೆ ಬೇಕು? ನಿಮಿಷದೊಳಗೆ ಒಬ್ಬನನ್ನು ನೆಲಕ್ಕೆ ಕೆಡಹುವ ‘ಟೆಕ್ಕನ್’ ಅಲ್ಲಿ ರಾಜ್ಯವಾಳಿತು. ಅಮೆರಿಕದಲ್ಲಿ ಇದರ ತಿರುಗುಮುರುಗು ನಡೆದಿತ್ತು. ಅಲ್ಲಿ ಕ್ಯಾಸೆಟ್ಟುಗಳು ದಿನದ ಬಾಡಿಗೆಗೆ ಸಿಗುತ್ತಿದ್ದುದರಿಂದ, ವಾರಾಂತ್ಯದಲ್ಲಿ ಮುಗಿಸಿ ಹಿಂತಿರುಗಿಸುವವರು ಕೊಳ್ಳುವುದೇ ಇಲ್ಲವೆಂಬ ಭಯದಿಂದ 1994ರ ‘ಲಯನ್ ಕಿಂಗ್’ ಆಟದ ಆರಂಭವನ್ನೇ ಬೇಕೆಂದು ಕಠಿಣಗೊಳಿಸಲಾಯಿತೆಂದು ಅದರ ನಿರ್ಮಾಪಕರಲ್ಲೊಬ್ಬರೇ ಮುಂದೆ ಹೇಳಿದ್ದಾರೆ.

ಮುಗಿಯುವುದೇ ಇಲ್ಲವೆಂದು ನಂಬಲಾದ ಆಟವೂ ಒಂದಿತ್ತು. ರಷ್ಯದ ಅಲೆಕ್ಸಿ ಪಾಜಿಟ್ನೊವ್ 1984ರಲ್ಲಿ ಸೃಷ್ಟಿಸಿದ ‘ಟೆಟ್ರಿಸ್’ನಲ್ಲಿ ಮೇಲಿನಿಂದ ಇಟ್ಟಿಗೆಗಳು ಬೀಳುತ್ತಲೇ ಇರುತ್ತವೆ, ಸೋಲುವವರೆಗೆ ಜೋಡಿಸುತ್ತಲೇ ಇರಬೇಕು. ‘9999 ಇನ್ 1’ ಎಂದು ಹಣೆಯ ಮೇಲೆ ಬರೆದುಕೊಂಡ ಇದರ ಅಗ್ಗದ ಕೈಯಂತ್ರ ಬ್ರಿಕ್ ಗೇಮ್ ಎಂಬ ಹೆಸರಿನಿಂದ ಪೇಟೆಗಳಿಗೆ ಬಂದಾಗ, ಬೆಲೆಯನ್ನು ಅನಂತದಿಂದ ಭಾಗಿಸಿದರೆ ಗಂಟೆಗೆ ಬೀಳುವುದು ಸೊನ್ನೆ ಎಂಬ ಲೆಕ್ಕಕ್ಕೆ ತಕರಾರಿರಲಿಲ್ಲ. ಎನ್.ಇ.ಎಸ್.ಗೆಂದು 1989ರಲ್ಲಿ ಬಂದ ಟೆಟ್ರಿಸ್ಸನ್ನು ಅಮೆರಿಕದ 13 ವರ್ಷದ ಹುಡುಗನೊಬ್ಬ 2023ರ ಡಿಸೆಂಬರಿನಲ್ಲಿ, ಯಂತ್ರವೇ ದಿಕ್ಕುತಪ್ಪಿ ನಿಂತುಬಿಡುವವರೆಗೆ ಆಡಿದನು. ಅನಂತವೆಂದುಕೊಂಡದ್ದರ ನಿಜವಾದ ಅಳತೆ ಸುಮಾರು 38 ನಿಮಿಷವಾಗಿತ್ತು.

ನಿಂಟೆಂಡೊ 2016ರಲ್ಲಿ ಹಳೆಯ ಯಂತ್ರದ ಅಂಗೈಯಗಲದ ಮರುಸೃಷ್ಟಿಯನ್ನು ಮೂವತ್ತು ಆಟಗಳ ಸಮೇತ ಹೊರತಂದು, ಯಾವ ಕ್ಷಣದಲ್ಲಾದರೂ ಆಟವನ್ನು ಉಳಿಸಿಟ್ಟು ಅಲ್ಲಿಂದಲೇ ಮುಂದುವರಿಸುವ ಸೌಲಭ್ಯ ಕೊಟ್ಟಿತು. ಬಾಲ್ಯದಲ್ಲಿ ವರ್ಷಗಟ್ಟಲೆ ಕಾಡಿದ ಆಟವನ್ನು ವಾಶಿಯ ಎರಡು ಬೆಡ್‌ರೂಮಿನ ಮನೆಯಲ್ಲಿ ಕುಳಿತ ನಡುವಯಸ್ಸಿನ ಇಂಜಿನಿಯರು ಈಗ ಒಂದು ಭಾನುವಾರದ ಮಧ್ಯಾಹ್ನ ಮುಗಿಸಿಬಿಡಬಲ್ಲನು, ಮತ್ತು ಮುಗಿಸಿದ ಕೂಡಲೇ ದುಡ್ಡು ದಂಡವಾಯಿತೆಂದು ಪೇಚಾಡಬಲ್ಲನು. ಸಾಯುವ ಅವಕಾಶವನ್ನು ಕಿತ್ತುಕೊಂಡರೆ ಆಟದ ಆಯುಷ್ಯವೂ ಜೊತೆಗೇ ಹೋಗುತ್ತದೆ.

ಇಷ್ಟರಿಂದ ಕೊಳ್ಳುವವರಿಗೆ ಹೇಳಬಹುದಾದದ್ದು ಬಹಳವಿಲ್ಲ. ಡಬ್ಬಿಯ ಮೇಲಿನ ಅಂಕಿಯನ್ನು ನೋಡಬಾರದು, ಮಗುವಿನ ಕೈಯನ್ನು ನೋಡಬೇಕು. ಕೈ ಎಷ್ಟು ಒರಟೋ ಬಾಳಿಕೆ ಅಷ್ಟು ಹೆಚ್ಚು. ಮಗು ಮತ್ತೆ ಮತ್ತೆ ಸೋಲುವುದನ್ನು ಕಂಡು ಮನಸ್ಸು ತಡೆಯದೆ, ‘ಕೊಡು ಇಲ್ಲಿ, ತೋರಿಸಿಕೊಡುತ್ತೇನೆ’ ಎಂದು ದೊಡ್ಡವರು ರಿಮೋಟಿಗೆ ಕೈಯೊಡ್ಡುವುದಂತೂ ಎಲ್ಲ ದೃಷ್ಟಿಯಿಂದಲೂ ಅವಿವೇಕ: ಅವರು ಗೆದ್ದರೆ ಕೊಟ್ಟ ದುಡ್ಡಿಗೆ ನಷ್ಟ, ಸೋತರೆ ಮಗುವಿಗೆ ಆ ರಾತ್ರಿ ರಿಮೋಟ್ ಮರಳಿ ಸಿಗುವುದಿಲ್ಲ.