ಬೀಟಾ ಭಾವ

ನಮ್ಮ ಭಾವ ಮುಗಿದ ಪುಸ್ತಕ ಓದುವವರಲ್ಲ. "ಅದನ್ನ ಯಾರು ಬೇಕಾದರೂ ಓದಬಹುದು" ಎಂದು ಮೂಗು ಮುರಿಯುತ್ತಾರೆ. ಅವರಿಗೆ ಬೇಕಾದದ್ದು ಹದಿನಾಲ್ಕು ಅಧ್ಯಾಯಗಳಲ್ಲಿ ನಾಲ್ಕನ್ನಷ್ಟೇ ಬರೆದಾಗಿರುವ, ಚಿತ್ರವಿರಬೇಕಾದ ಕಡೆ ಖಾಲಿ ಚೌಕವಿರುವ, ಪದಸೂಚಿಯ ಸುಳಿವೇ ಇಲ್ಲದ ಪುಸ್ತಕ. ಅಂಥದ್ದೊಂದು ಹೊರಬಿತ್ತೆಂದು ಮೇಲ್ ಬಂದರೆ ಸಾಕು, ಬಲಗೈ ಸಾರನ್ನದಲ್ಲಿದ್ದರೂ ಎಡಗೈಯಲ್ಲೇ ಕಾರ್ಡ್ ನಂಬರ್ ಒತ್ತಿ, ಡಾಲರಿನಲ್ಲಿ ಪೂರ್ತಿ ಬೆಲೆ ತೆತ್ತು ಪಿಡಿಎಫ್ ಇಳಿಸಿಕೊಳ್ಳುತ್ತಾರೆ. ಬೆಳಗಾದರೆ ಬನಶಂಕರಿಯ ಝೆರಾಕ್ಸ್ ಅಂಗಡಿಯಲ್ಲಿ ಅದಕ್ಕೆ ಸ್ಪೈರಲ್ ಬೈಂಡಿಂಗ್.

"ಸಾರ್, ಹೋದ ತಿಂಗಳು ಇದನ್ನೇ ಮಾಡಿಸಿದ್ರಲ್ಲ?" ಎಂದ ಅಂಗಡಿ ಹುಡುಗ.

"ಅದು ಬೀಟಾ ಎರಡು ಕಣಪ್ಪ. ಇದು ಮೂರು."

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಂಪನಿಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ನಮ್ಮಕ್ಕನ ಪಾಲಿಗೆ ಬಂದವರು ಇವರು.

ಈ ಚಟದ ಮೂಲ ಕೇಳಿದರೆ ಭಾವ 2005ಕ್ಕೆ ಹೋಗುತ್ತಾರೆ. ಆ ವರ್ಷ ಅಮೆರಿಕದ ಪ್ರಾಗ್ಮ್ಯಾಟಿಕ್ ಪ್ರಕಾಶನದವರು, ಡೇವ್ ಥಾಮಸ್ ಮತ್ತು ಡೇವಿಡ್ ಹೈನೆಮಿಯರ್ ಹ್ಯಾನ್ಸನ್ ಇನ್ನೂ ಬರೆಯುತ್ತಿದ್ದ 'ಅಜೈಲ್ ವೆಬ್ ಡೆವಲಪ್‌ಮೆಂಟ್ ವಿತ್ ರೈಲ್ಸ್' ಪುಸ್ತಕವನ್ನು 'ಬೀಟಾ ಬುಕ್' ಎಂದು ಕರೆದು ಮಾರಾಟಕ್ಕಿಟ್ಟರು. ವೆಬ್‌ಸೈಟ್ ಕಟ್ಟಲು ಬಳಸುವ ಆ ರೈಲ್ಸ್ ಫ್ರೇಮ್‌ವರ್ಕಿನ 1.0 ಹೊರಬಂದದ್ದು ಡಿಸೆಂಬರಿನಲ್ಲಿ. ಅಷ್ಟರೊಳಗೆ ಪುಸ್ತಕ ಅಚ್ಚಾಗಿ ಅಂಗಡಿಯಲ್ಲೇ ಕೂತಿತ್ತು. "ನಾನು 1.0ಗಿಂತ ಹಿಂದಿನವನು" ಎಂದು ಭಾವ ಹೇಳಿಕೊಳ್ಳುವಾಗ ದನಿಯಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಗತ್ತು ಇರುತ್ತದೆ.

ಹೀಗೆ ಮುಗಿಯುವ ಮೊದಲೇ ಪುಸ್ತಕ ಮಾರುವ ಏರ್ಪಾಡಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಫ್ರೇಮ್‌ವರ್ಕಿನ ಓಟಕ್ಕೆ ಅಚ್ಚಿನಮನೆ ಹೆಜ್ಜೆ ಹಾಕಲಾರದು. 2007ರ ಕೊನೆಯಲ್ಲಿ ರೈಲ್ಸ್ 2.0 ಬಂದಾಗ, ಒಂದೇ ಸಾಲಿಗೆ ಇಡೀ ಪುಟಗಳನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ ಹಳೆಯ 'ಸ್ಕ್ಯಾಫೋಲ್ಡ್' ಮಾಯವಾಯಿತು. ಹಳೆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಟೈಪ್ ಮಾಡಿದವರಿಗೆ ಸಿಕ್ಕಿದ್ದು ಬರೀ ಎರರ್. ಬೀಟಾ ಆದರೆ ಲೇಖಕರಿಗೆ ಪುಕ್ಕಟೆಯಾಗಿ ತಪ್ಪು ಹುಡುಕಿಕೊಡುವವರು ಸಿಗುತ್ತಾರೆ, ಓದುಗರಿಗೆ ತಿಂಗಳುಗಟ್ಟಲೆ ಮೊದಲೇ ವಿದ್ಯೆ ಸಿಗುತ್ತದೆ. ವಿದ್ಯೆ ಬೇಕಾದವರಿಗೆ, ಅಂತಿಟ್ಟುಕೊಳ್ಳಿ. ಭಾವನಿಗೆ ಬೇಕಾದದ್ದು ಮೊದಲಿಗನೆಂಬ ಪಟ್ಟ.

ಒಂದು ನಾಮಕರಣದ ಮನೆಯಲ್ಲಿ, ಪಕ್ಕದ ಎಲೆಗೆ ಕೂತ ಹುಡುಗ ತಾನು ಆಂಗ್ಯುಲರ್ ಎಂಬ ಇನ್ನೊಂದು ಫ್ರೇಮ್‌ವರ್ಕ್ ಕಲಿಯುತ್ತಿದ್ದೇನೆ ಅಂದ. "ಮೂರು ಮುಗಿಸಿದೆಯಾ?" ಎಂದರು ಭಾವ. ಹುಡುಗ ಮರ್ಯಾದೆಗೆ ತಲೆಯಾಡಿಸಿಬಿಟ್ಟ. ಭಾವನ ಮುಖ ಅರಳಿತು. ಆಂಗ್ಯುಲರ್ 2 ಆದಮೇಲೆ 2017ರಲ್ಲಿ ಬಂದದ್ದು ನೇರ 4. ಮೂರು ಎಂಬುದು ಬರಲೇ ಇಲ್ಲ. ಇದನ್ನು ಪಂಕ್ತಿಗೆಲ್ಲ ಕೇಳುವಂತೆ ವಿವರಿಸಿದರು. ಪಾಪ, ಆ ಹುಡುಗ ಹೋಳಿಗೆಯನ್ನು ಎರಡನೇ ಸಲ ಕೇಳಲಿಲ್ಲ.

ಅಕ್ಕ ಹಪ್ಪಳ ಸಂಡಿಗೆ ಮಾಡಿ ಮಾರುತ್ತಾಳೆ. ಮನೆಯಲ್ಲೇ ಇಷ್ಟು ದೊಡ್ಡ ಪಂಡಿತರಿರುವಾಗ ಹೊರಗಿನವರಿಗೇಕೆ ದುಡ್ಡು ಸುರಿಯುವುದೆಂದು, ಒಂದು ವೆಬ್‌ಸೈಟ್ ಮಾಡಿಕೊಡಿ ಅಂದಳು. ಆ ರೈಲ್ಸ್ ಪುಸ್ತಕದಲ್ಲಿ ಓದುಗರಿಂದ 'ಡಿಪೋ' ಎಂಬ ಅಂಗಡಿ ಕಟ್ಟಿಸುತ್ತಾರೆ. ಭಾವನ ಕೈಯಲ್ಲಿದ್ದ ಹೊಸ ಫ್ರೇಮ್‌ವರ್ಕಿನ ಬೀಟಾದಲ್ಲೂ ಅಂಥದೇ ಅಂಗಡಿಯೊಂದಿತ್ತು, ಟೀ ಶರ್ಟಿನದು. ಭಾವ ಟೀ ಶರ್ಟ್ ಎಂದಿದ್ದಲ್ಲೆಲ್ಲ ಹಪ್ಪಳ ಎಂದು ಬರೆದರು. ಎರಡನೇ ಅಧ್ಯಾಯಕ್ಕೆ ಹಪ್ಪಳದ ಫೋಟೋ ಬಂತು. ಮೂರಕ್ಕೆ ಬೆಲೆ ಬಂತು, ಜೊತೆಗೆ 'ಮೀಡಿಯಂ, ಲಾರ್ಜ್' ಎಂಬ ಅಳತೆಯೂ ಉಳಿದುಕೊಂಡಿತು. ನಾಲ್ಕಕ್ಕೆ ಕಾರ್ಟ್. ಅಲ್ಲಿಗೆ ಪುಸ್ತಕ ನಿಂತಿತು. ಹಣ ಪಾವತಿಯ ಅಧ್ಯಾಯವನ್ನು ಲೇಖಕರು ಇನ್ನೂ ಬರೆದೇ ಇರಲಿಲ್ಲ. ಹೀಗಾಗಿ ಅಕ್ಕನ ಅಂಗಡಿಯಲ್ಲಿ ಎಷ್ಟು ಹಪ್ಪಳವನ್ನಾದರೂ ಆರಿಸಿಕೊಳ್ಳಬಹುದಿತ್ತು, ಕೊಳ್ಳಲು ಮಾತ್ರ ಆಗುತ್ತಿರಲಿಲ್ಲ. ಜಯನಗರದ ಹಿರಿಯರೊಬ್ಬರು ಫೋನ್ ಮಾಡಿ, "ಐದು ಕಟ್ಟು ಲಾರ್ಜ್ ಹಪ್ಪಳ ಹಾಕಿಟ್ಟು ವಾರವಾಯ್ತಮ್ಮ, ಮುಂದೇನು ಮಾಡಲಿ?" ಎಂದು ಕೇಳಿದರು.

ಅಕ್ಕನಿಗೆ ರೇಗಿತು. "ಏನ್ರೀ, ನಾನೂ ಈಗಷ್ಟೇ ಹಿಟ್ಟು ಕಲಸಿಟ್ಟಿದ್ದೀನಿ. ಲಟ್ಟಿಸೋದು ಒಣಗಿಸೋದು ಎಲ್ಲಾ ಆಮೇಲೆ, ಪೂರ್ತಿ ದುಡ್ಡು ಕೊಟ್ಟು ಹಿಟ್ಟು ತಗೊಂಡು ಹೋಗಿ ಅನ್ನಲಾ ಗಿರಾಕಿಗಳಿಗೆ?"

"ಧಾರಾಳವಾಗಿ ಅನ್ನು. ಹಪ್ಪಳಕ್ಕಿಂತ ಹಿಟ್ಟೇ ರುಚಿ" ಎಂದು ಭಾವ ಒಂದು ಉಂಡೆಯನ್ನು ಎಣ್ಣೆಯಲ್ಲದ್ದಿ ಬಾಯಿಗೆ ಹಾಕಿಕೊಂಡರು. ಆ ಮಾತನ್ನು ಅಲ್ಲಗಳೆಯುವುದು ಕಷ್ಟ.

ಬೀಟಾ ಓದುವವರಿಗೆ ಒಳಗೊಳಗೇ ಇನ್ನೊಂದು ಆಸೆಯಿರುತ್ತದೆ. ತಪ್ಪು ತೋರಿಸಿದವರ ಹೆಸರನ್ನು ಕೆಲವು ಲೇಖಕರು ಕೃತಜ್ಞತೆಯ ಪುಟದಲ್ಲಿ ಸೇರಿಸುತ್ತಾರೆ. ಕೋಡಿನ ತಪ್ಪು ಹಿಡಿಯಬೇಕಾದರೆ ಕೋಡನ್ನು ಓಡಿಸಿ ನೋಡಬೇಕು. ಕಾಮಾ ಹಿಡಿಯಲು ಕಣ್ಣಿದ್ದರೆ ಸಾಕು. ಭಾವ ಕಾಮಾ ಹಿಡಿದರು. ಫುಲ್‌ಸ್ಟಾಪ್ ಹಿಡಿದರು. ಎರಡು ಸಲ ಬಿದ್ದಿದ್ದ ಒಂದು 'ದಿ'ಯನ್ನು ಹಿಡಿದ ದಿನ ಮನೆಗೆ ಮೈಸೂರ್ ಪಾಕ್ ಬಂತು.

ಕಡೆಗೊಂದು ದಿನ ಅಚ್ಚಾದ ಪ್ರತಿ ಬಂತು. ಚೌಕಗಳಲ್ಲೆಲ್ಲ ಚಿತ್ರ ತುಂಬಿತ್ತು, ಹಿಂದೆ ಪದಸೂಚಿ ಇತ್ತು, ಹಣ ಪಾವತಿಯ ಅಧ್ಯಾಯವೂ ಇತ್ತು. ಭಾವ ಅದ್ಯಾವುದನ್ನೂ ತಿರುವದೆ ನೇರ ಕೃತಜ್ಞತೆಯ ಪುಟಕ್ಕೆ ಹೋದರು. ಹೆಸರೇನೋ ಇತ್ತು, ಆದರೆ ಒಂದು 'ಎಚ್' ಕಮ್ಮಿ. ರಾತ್ರಿಯೇ ಪ್ರಕಾಶಕರಿಗೆ ತಪ್ಪಿನ ವರದಿ ಹೋಯಿತು, ಈ ಸಲ 'ಅತಿ ಗಂಭೀರ' ಎಂಬ ಷರಾ ಸಮೇತ. ಮುಂದಿನ ಆವೃತ್ತಿಯಲ್ಲಿ ಸರಿಪಡಿಸುತ್ತೇವೆಂದು ಸೌಜನ್ಯದ ಉತ್ತರ ಬಂತು. ಆ ಆವೃತ್ತಿಯ ಬೀಟಾ ಆಗಲೇ ಮಾರಾಟಕ್ಕಿತ್ತು ಎಂಬುದನ್ನೂ ಅದರಲ್ಲೇ ತಿಳಿಸಿದ್ದರು.

"ದುಡ್ಡು ಕಟ್ಟೋ ಅಧ್ಯಾಯ ಬಂದಿದೆಯಂತಲ್ಲ, ಇವತ್ತಾದರೂ ಅದನ್ನ ಹಾಕಿಕೊಡಿ" ಅಂದಳು ಅಕ್ಕ.

ಭಾವ ಮೊಬೈಲಿನಿಂದ ತಲೆಯೆತ್ತಲಿಲ್ಲ. ಎಡಗೈ ಕಾರ್ಡ್ ನಂಬರ್ ಒತ್ತುತ್ತಿತ್ತು. "ಅದು ಹಳೇ ವರ್ಷನ್ ಕಣೇ. ಹೊಸದರಲ್ಲಿ ಎಲ್ಲಾ ಬೇರೆ. ಫೋಟೋದಿಂದ ಮತ್ತೆ ಶುರು ಮಾಡಬೇಕು."